ಗಾಡಿ ವೈರಿಂಗ್‌ಗೆ ಒಳ್ಳೆ ಸಾಮಾನು ಆರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಹತ್ತಿರ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದೆ. ಬೈಕು, ಕಾರು, ಟ್ರ್ಯಾಕ್ಟರ್, ಲಾರಿ ಎಲ್ಲವೂ ಬರುತ್ತವೆ. ರಿಪೇರಿಗೆ ಬಂದವರು ಕೇಳಿದ್ದು, ಫೋನ್ ಮಾಡಿ ಕೇಳಿದ್ದು, ಐಟಿಐ ಮುಗಿಸಿ ಕೆಲಸ ಕಲಿಯೋಕೆ ಬಂದ ಹುಡುಗರು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಜನ ಹಾರ್ನಿಗೆ, ಲೈಟಿಗೆ ಧಾರಾಳವಾಗಿ ದುಡ್ಡು ಹಾಕುತ್ತಾರೆ. ಟೇಪಿನ ಒಳಗೆ ಮುಚ್ಚಿಹೋಗುವ ವೈರು, ತಿಂಬಲ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು), ಜಾಯಿಂಟ್ ಹತ್ತಿರ ಬಂದಾಗ ಉಳಿಸೋಕೆ ನೋಡುತ್ತಾರೆ. ಗಾಡಿ ಕೈಕೊಡುವುದು, ಬೆಂಕಿ ಹತ್ತುವುದು ಮಾತ್ರ ಆ ಮುಚ್ಚಿದ ಜಾಗದಿಂದಲೇ.

## ಶುರು ಮಾಡುವವರಿಗೆ

ನಾನೇ ಮನೇಲಿ ಬೈಕಿಗೆ ಹಾರ್ನು, ಫಾಗ್ ಲೈಟ್ ಹಾಕ್ಕೋಬೇಕು ಅಂತಿದೀನಿ. ಏನೇನು ಟೂಲ್ಸ್ ತಗೊಳ್ಳಲಿ?

ಒಂದು ಕಟಿಂಗ್ ಪ್ಲೇಯರ್, ಒಂದು ವೈರ್ ಸ್ಟ್ರಿಪ್ಪರ್, ಒಂದು ರ‍್ಯಾಚೆಟ್ ಕ್ರಿಂಪಿಂಗ್ ಟೂಲ್ (ತಿಂಬಲನ್ನು ವೈರಿಗೆ ಒತ್ತಿ ಕೂರಿಸುವ ಟೂಲು), ಒಂದು ಮಲ್ಟಿಮೀಟರ್. ಇಷ್ಟಿದ್ದರೆ ಕೆಲಸ ಶುರು ಮಾಡಬಹುದು. ದುಡ್ಡು ಕಡಿಮೆ ಇದ್ದರೆ ಕ್ರಿಂಪಿಂಗ್ ಟೂಲ್ ಮತ್ತು ಮೀಟರ್, ಇವೆರಡನ್ನು ಮಾತ್ರ ಒಳ್ಳೇದು ತಗೊಳ್ಳಿ. ಪ್ಲೇಯರ್ ಸಾಧಾರಣದ್ದಾದರೂ ವೈರ್ ಕತ್ತರಿಸುತ್ತದೆ. ನಮ್ಮ ಕಡೆ ಎಲ್ಲಾ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಟಪಾರಿಯಾ ಪ್ಲೇಯರ್ ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು.

ಸ್ಟ್ರಿಪ್ಪರ್ ಬದಲು ಬ್ಲೇಡು, ಹಲ್ಲು ಬಳಸುವವರು ಇನ್ನೂ ಇದ್ದಾರೆ. ಬ್ಲೇಡಿನಲ್ಲಿ ಪ್ಲಾಸ್ಟಿಕ್ ಸೀಳುವಾಗ ಒಳಗಿನ ಎಳೆಗಳಿಗೂ ಗಾಯವಾಗುತ್ತದೆ. ನಾಲ್ಕೈದು ಎಳೆ ಅಲ್ಲೇ ಕತ್ತರಿಸಿಹೋದರೆ ಆ ಜಾಗದಲ್ಲಿ ವೈರ್ ಸಣ್ಣದಾದ ಹಾಗೇ ಲೆಕ್ಕ. ಗಾಡಿ ಅಲುಗಾಡಿದಂತೆ ಉಳಿದ ಎಳೆಗಳೂ ಒಂದೊಂದಾಗಿ ಹೋಗುತ್ತವೆ.

ಸಾಮಾನು ತರೋಕೆ ಬೆಂಗಳೂರಿನ ಜೆ.ಸಿ. ರೋಡಿಗೇ ಹೋಗಬೇಕಾ?

ಹೋಗಲೇಬೇಕು ಅಂತಿಲ್ಲ. ಜೆ.ಸಿ. ರೋಡಿನಲ್ಲಿ ಕಪ್ಲರ್ (ವೈರುಗಳನ್ನು ಸೇರಿಸಿ ಬಿಚ್ಚುವ ಪ್ಲಾಸ್ಟಿಕ್ ಕನೆಕ್ಟರ್), ಹೋಲ್ಡರ್, ರೆಡಿ ವೈರ್ ಕಟ್ಟುಗಳಾದ ಹಾರ್ನೆಸ್‌ಗಳ ಆಯ್ಕೆ ಜಾಸ್ತಿ. ಹೀಟ್ ಶ್ರಿಂಕ್ (ಬಿಸಿ ಕೊಟ್ಟರೆ ಕುಗ್ಗಿ ವೈರಿಗೆ ಕೂರುವ ಟ್ಯೂಬು), ಸೋಲ್ಡರಿಂಗ್ ಸಾಮಾನು, ಮೀಟರ್ ಬೇಕಿದ್ದರೆ ಅಲ್ಲಿಂದ ಹತ್ತಿರದ ಎಸ್.ಪಿ. ರೋಡಿಗೆ ಹೋಗಿ. ನಿಮ್ಮೂರಲ್ಲೂ ಒಳ್ಳೆ ಆಟೋ ಎಲೆಕ್ಟ್ರಿಕಲ್ ಅಂಗಡಿ ಇದ್ದರೆ ಅಲ್ಲೇ ತಗೊಳ್ಳಿ. ಕೇಳುವ ರೀತಿ ಮಾತ್ರ ಬದಲಿಸಿ. "ಒಂದು ಹತ್ತು ಮೀಟರ್ ವೈರ್ ಕೊಡಿ" ಅಂದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ. "ಒಂದೂವರೆ ಸ್ಕ್ವೇರ್, ಆಟೋ ಕೇಬಲ್, ಪೂರ್ತಿ ತಾಮ್ರ, ಕಾಯಿಲ್ ತೋರಿಸಿ" ಅಂದರೆ ಗೊತ್ತಿರುವವರು ಬಂದಿದ್ದಾರೆ ಅಂತ ತಿಳಿಯುತ್ತದೆ. ಸ್ಕ್ವೇರ್ ಅಂದರೆ ಒಳಗಿನ ತಾಮ್ರದ ದಪ್ಪ, ಚದರ ಮಿಲಿಮೀಟರ್ ಲೆಕ್ಕದಲ್ಲಿ. ಕಾಯಿಲ್ ಅಂದರೆ ವೈರಿನ ಸುರುಳಿ. ಬಿಲ್ ಕೇಳಿ.

ಮನೆ ವೈರಿಂಗ್‌ನಲ್ಲಿ ಉಳಿದ ವೈರ್ ಇದೆ. ಅದನ್ನೇ ಹಾಕಿದ್ರೆ ಏನಾಗುತ್ತೆ?

ಹಾಕಿದ ದಿನ ಏನೂ ಆಗುವುದಿಲ್ಲ. ಲೈಟ್ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ತೊಂದರೆ ಶುರುವಾಗುವುದು ಆಮೇಲೆ.

ಎರಡೂ ವೈರನ್ನು ಕತ್ತರಿಸಿ ಪಕ್ಕಪಕ್ಕ ಹಿಡಿದು ನೋಡಿ. ಮನೆಯ 1.5 ಸ್ಕ್ವೇರ್ ವೈರಿನಲ್ಲಿ ಸಾಮಾನ್ಯವಾಗಿ 0.3 ಮಿಲಿಮೀಟರಿನ 22 ಎಳೆ ಇರುತ್ತವೆ. ಅದೇ ಅಳತೆಯ ಗಾಡಿ ವೈರಿನಲ್ಲಿ 0.25 ಮಿಲಿಮೀಟರಿನ 30 ಎಳೆ. ಎಳೆ ಸಣ್ಣದಿದ್ದಷ್ಟು ವೈರ್ ಮೆತ್ತಗಿರುತ್ತದೆ, ಅಲುಗಾಟ ತಡೆಯುತ್ತದೆ. ಗೋಡೆಯ ಪೈಪಿನಲ್ಲಿ ಸುಮ್ನೆ ಮಲಗಿರುವ ವೈರಿಗೆ ಆ ಗುಣ ಅಷ್ಟಾಗಿ ಬೇಕಿಲ್ಲ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಮಡಚಿ ಬಿಚ್ಚಿಕೊಳ್ಳುವ ವೈರಿಗೆ ಬೇಕು.

ಇನ್ನೊಂದು ವ್ಯತ್ಯಾಸ ಮೇಲಿನ ಪ್ಲಾಸ್ಟಿಕ್ಕಿನದು. ಮನೆಯ ಸಾಮಾನ್ಯ ಪಿವಿಸಿ ವೈರ್ 70 ಡಿಗ್ರಿ ಲೆಕ್ಕದಲ್ಲಿ ಮಾಡಿದ್ದು. ಒಳ್ಳೆಯ ಗಾಡಿ ವೈರ್ 105 ಡಿಗ್ರಿಗೆ ಮಾಡಿದ್ದು, ಆಯಿಲ್ ಬಿದ್ದರೂ ತಡೆದುಕೊಳ್ಳುತ್ತದೆ. ಇಂಜಿನ್ ಪಕ್ಕ ಎರಡು ಬೇಸಿಗೆ ಕಳೆದ ಮನೆ ವೈರನ್ನು ಬಗ್ಗಿಸಿ ನೋಡಿ, ಹಪ್ಪಳದ ಹಾಗೆ ಒಡೆಯುತ್ತದೆ. ಒಂದೇ ದಪ್ಪ ಎಳೆಯ ವೈರನ್ನಂತೂ ಗಾಡಿಗೆ ಮುಟ್ಟಿಸಲೇಬೇಡಿ.

## ವೈರ್ ಆರಿಸುವುದು

ಎಷ್ಟು ದಪ್ಪದ ವೈರ್ ಬೇಕು ಅಂತ ಹೇಗೆ ಲೆಕ್ಕ ಹಾಕೋದು?

ವ್ಯಾಟ್ಸನ್ನು ವೋಲ್ಟಿನಿಂದ ಭಾಗಿಸಿ. 55 ವ್ಯಾಟಿನ ಎರಡು ಫಾಗ್ ಲೈಟ್ ಅಂದರೆ 110 ವ್ಯಾಟ್. 12ರಿಂದ ಭಾಗಿಸಿದರೆ 9 ಆಂಪ್ಸಿಗೆ ಸ್ವಲ್ಪ ಜಾಸ್ತಿ. ಇದು ನಿಮ್ಮ ಲೋಡು.

ಇನ್ನು ವೈರಿನ ಉದ್ದ ನೋಡಿ. 1 ಸ್ಕ್ವೇರ್ ತಾಮ್ರದ ವೈರಿಗೆ ಒಂದು ಮೀಟರಿಗೆ ಸುಮಾರು 18 ಮಿಲಿಓಮ್ ರೆಸಿಸ್ಟೆನ್ಸ್ ಇರುತ್ತದೆ. ಅರ್ಧ ಸ್ಕ್ವೇರಿಗೆ ಅದರ ಎರಡರಷ್ಟು, 2.5 ಸ್ಕ್ವೇರಿಗೆ 7ರ ಹತ್ತಿರ. ಬ್ಯಾಟರಿಯಿಂದ ಲೈಟಿಗೆ ಹೋಗುವ ವೈರ್, ವಾಪಸ್ ಬರುವ ಅರ್ತ್ ವೈರ್ ಎರಡೂ ಸೇರಿ ನಾಲ್ಕು ಮೀಟರ್ ಅಂದುಕೊಳ್ಳಿ. ಅರ್ಧ ಸ್ಕ್ವೇರ್ ಹಾಕಿದರೆ ದಾರಿಯಲ್ಲೇ 1.3 ವೋಲ್ಟ್ ಹೋಯಿತು. 2.5 ಸ್ಕ್ವೇರ್ ಹಾಕಿದರೆ ಹೋಗುವುದು ಕಾಲು ವೋಲ್ಟ್ ಮಾತ್ರ.

ಒಂದು ವೋಲ್ಟ್ ತಾನೇ ಅನ್ನಿಸಬಹುದು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಇಳಿಯುತ್ತದೆ. "ಬಲ್ಬ್ ಡಲ್ಲು, ಜಾಸ್ತಿ ವ್ಯಾಟಿಂದು ಹಾಕಿ" ಅಂತ ಬರುವ ಗಾಡಿಗಳಲ್ಲಿ ಎಷ್ಟೋ ಸಲ ಬಲ್ಬಿನ ತಪ್ಪೇ ಇರುವುದಿಲ್ಲ. ವೈರ್ ಬದಲಿಸಿದರೆ ಅದೇ ಬಲ್ಬು ಬೆಳ್ಳಗೆ ಉರಿಯುತ್ತದೆ.

ಅಂದಾಜಿಗೆ ನಾನು ಹಾಕುವುದು ಹೀಗೆ: ಇಂಡಿಕೇಟರ್, ಪಾರ್ಕಿಂಗ್ ಲೈಟಿಗೆ ಅರ್ಧದಿಂದ ಮುಕ್ಕಾಲು ಸ್ಕ್ವೇರ್. ಒಂದೇ ಹಾರ್ನಿಗೆ ಒಂದೂವರೆ. ಜೋಡಿ ಹಾರ್ನಿಗೆ, ಹೆಡ್‌ಲೈಟ್ ಫೀಡಿಗೆ ಎರಡೂವರೆ. ಸ್ಟಾರ್ಟರ್ ಕೇಬಲ್ ಮಾತ್ರ ಅಂದಾಜಿನಲ್ಲಿ ಹಾಕಬೇಡಿ. ಕಂಪನಿ ಹಾಕಿದ್ದು ಯಾವ ಅಳತೆಯೋ ಅದಕ್ಕಿಂತ ಕಡಿಮೆ ಬೇಡ. ಲಾರಿ, ಬಸ್ಸಿನಂಥ 24 ವೋಲ್ಟ್ ಗಾಡಿಯಲ್ಲಿ ಅದೇ ವ್ಯಾಟಿಗೆ ಅರ್ಧ ಆಂಪ್ಸ್ ಹರಿಯುತ್ತದೆ, ಲೆಕ್ಕ ಹಾಗೆ ಬದಲಿಸಿಕೊಳ್ಳಿ.

ಅಂಗಡಿಯವರು ತಾಮ್ರ ಅಂತಾರೆ. ನಿಜಾನಾ ಅಂತ ಹೇಗೆ ನೋಡೋದು?

ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ವೈರ್ ಮಾರ್ಕೆಟ್ಟಿನಲ್ಲಿ ತುಂಬಾ ಇದೆ. ಸ್ಪೀಕರ್ ವೈರ್, ರೆಡಿಮೇಡ್ ಹಾರ್ನ್ ಕಿಟ್, ಅಗ್ಗದ ಜಂಪರ್ ಕೇಬಲ್‌ಗಳಲ್ಲಿ ಇದು ಜಾಸ್ತಿ. ಹೊರಗಿಂದ ನೋಡಿದರೆ ಗುರುತೇ ಸಿಗುವುದಿಲ್ಲ.

ಒಂದು ತುಂಡು ಕತ್ತರಿಸಿಕೊಳ್ಳಿ. ಒಂದೇ ಒಂದು ಎಳೆ ಬಿಡಿಸಿ ಬ್ಲೇಡಿನ ತುದಿಯಿಂದ ಕೆರೆಯಿರಿ. ತಾಮ್ರವಾದರೆ ಒಳಗೂ ಕೆಂಪೇ. ಲೇಪದ್ದಾದರೆ ಬೆಳ್ಳಿ ಬಣ್ಣ ಕಾಣುತ್ತದೆ. ಇನ್ನೊಂದು ಎಳೆಯನ್ನು ಲೈಟರ್ ಉರಿಗೆ ಹಿಡಿಯಿರಿ. ತಾಮ್ರ ಕೆಂಪಗೆ ಕಾದು ಕಪ್ಪಾಗುತ್ತದೆ, ಆದರೆ ನೆಟ್ಟಗೆ ನಿಂತಿರುತ್ತದೆ. ಅಲ್ಯೂಮಿನಿಯಂ ಎಳೆ ಬಾಡಿದ ಹೂವಿನ ದೇಟಿನ ಹಾಗೆ ಬಗ್ಗಿ ಮುದುಡುತ್ತದೆ. ತೂಕದಲ್ಲೂ ಗೊತ್ತಾಗುತ್ತದೆ. ತಾಮ್ರ ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಜಾಸ್ತಿ ತೂಕ. ಒಂದೇ ಅಳತೆಯ ಎರಡು ಕಾಯಿಲ್ ಎರಡು ಕೈಯಲ್ಲಿ ಹಿಡಿದರೆ ಕೈಯೇ ಹೇಳುತ್ತದೆ.

ಅಲ್ಯೂಮಿನಿಯಂ ಕರೆಂಟ್ ಸಾಗಿಸುವುದು ತಾಮ್ರದ ನೂರಕ್ಕೆ 60ರಷ್ಟು ಮಾತ್ರ. ತಿಂಬಲಿನ ಒಳಗೆ ಒತ್ತಿದ ಮೇಲೆ ಸಡಿಲವಾಗುತ್ತದೆ. ತೇವ ತಗುಲಿದರೆ ಬಿಳಿ ಪುಡಿಯಾಗಿಬಿಡುತ್ತದೆ.

ತಾಮ್ರವೇ ಆದರೂ ಅಳತೆಯಲ್ಲಿ ಮೋಸ ಇರಬಹುದು. ಡಿಜಿಟಲ್ ವರ್ನಿಯರ್ ಇದ್ದರೆ ಒಂದು ಎಳೆಯ ದಪ್ಪ ಅಳೆಯಿರಿ. ಅದನ್ನು ಅದರಿಂದಲೇ ಗುಣಿಸಿ, 0.785ರಿಂದ ಗುಣಿಸಿ, ಆಮೇಲೆ ಎಳೆಗಳ ಸಂಖ್ಯೆಯಿಂದ ಗುಣಿಸಿ. 0.25ರ 30 ಎಳೆಗೆ 1.47 ಬರುತ್ತದೆ, ಅಂದರೆ ಒಂದೂವರೆ ಸ್ಕ್ವೇರ್ ಸರಿಯಾಗಿದೆ. 1.5 ಅಂತ ಅಚ್ಚಾಗಿದ್ದು ಲೆಕ್ಕದಲ್ಲಿ 1 ಬಂದರೆ ಆ ಕಾಯಿಲ್ ವಾಪಸ್ ಕೊಡಿ.

ಐಎಸ್‌ಐ ಗುರುತು ಇದ್ರೆ ಸಾಕಲ್ವಾ?

ಗುರುತು ಅಚ್ಚು ಹಾಕುವುದು ಯಾರಿಗೂ ಕಷ್ಟವಲ್ಲ. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಯಾರ ಲೈಸೆನ್ಸು, ಯಾವ ಸಾಮಾನಿಗೆ ಅಂತ ತೋರಿಸುತ್ತದೆ. ಗಾಡಿ ಕೇಬಲ್‌ಗಳ ಭಾರತೀಯ ಮಾನದಂಡ ಐಎಸ್ 2465. ಮನೆ ವೈರಿನದು ಐಎಸ್ 694. ಕಾಯಿಲ್ ಮೇಲೆ 694 ಅಂತಿದ್ದರೆ ಅದು ಎಷ್ಟೇ ಒಳ್ಳೆ ಕಂಪನಿಯದಾದರೂ ಗಾಡಿ ವೈರ್ ಅಲ್ಲ.

ವೈರಿನ ಬಣ್ಣ ಯಾವುದಾದ್ರೂ ನಡೆಯುತ್ತೆ ಅಲ್ವಾ?

ಕರೆಂಟಿಗೆ ನಡೆಯುತ್ತದೆ. ಮುಂದೆ ಆ ಗಾಡಿ ಬಿಚ್ಚುವವರಿಗೆ ನಡೆಯುವುದಿಲ್ಲ. ಕಪ್ಪು ಅಂದರೆ ಅರ್ತ್ ಅಂತ ಎಲ್ಲರೂ ತಿಳಿದುಕೊಂಡಿರುತ್ತಾರೆ. ಹೋಂಡಾ ಮತ್ತು ಹಳೇ ಹೀರೋ ಹೋಂಡಾ ಬೈಕುಗಳಲ್ಲಿ ಅರ್ತ್ ಹಸಿರು, ಕಪ್ಪು ಇಗ್ನಿಷನ್ ಲೈನು. ಜರ್ಮನ್ ಪದ್ಧತಿಯ ಕಾರುಗಳಲ್ಲಿ ಕಂದು ಬಣ್ಣ ಅರ್ತ್. ನಿಮ್ಮ ಗಾಡಿಯ ಪದ್ಧತಿ ತಿಳಿದುಕೊಂಡು ಅದೇ ಬಣ್ಣ ತನ್ನಿ. ಸಿಗದಿದ್ದರೆ ಎರಡೂ ತುದಿಗೆ ಸರಿಯಾದ ಬಣ್ಣದ ಸ್ಲೀವ್ ತುಂಡು ಹಾಕಿ.

## ಜಾಯಿಂಟ್, ತಿಂಬಲ್, ಟೇಪು

ವೈರ್ ತಿರುಚಿ ಟೇಪ್ ಸುತ್ತಿದ್ರೆ ಸಾಲದಾ? ಎಲ್ಲರೂ ಹಾಗೇ ಮಾಡ್ತಾರಲ್ಲ.

ಸಾಲದು. ತಿರುಚಿದ ವೈರ್ ಅಲುಗಾಡಿ ಸಡಿಲವಾಗುತ್ತದೆ. ಸಡಿಲವಾದಲ್ಲಿ ಬಿಸಿ, ಬಿಸಿಯಾದಲ್ಲಿ ಟೇಪಿನ ಗೋಂದು ಕರಗುತ್ತದೆ, ಟೇಪು ಬಿಚ್ಚುತ್ತದೆ, ನೀರು ಒಳಗೆ ಹೋಗುತ್ತದೆ. ರಾತ್ರಿ ಹೊತ್ತು ದಾರಿಯಲ್ಲಿ ನಿಂತಾಗ ಮನೆ ತಲುಪುವುದಕ್ಕೆ ಹಾಗೆ ಮಾಡಿಕೊಳ್ಳಿ. ಮಾರನೇ ದಿನ ಬಿಚ್ಚಿ ಸರಿ ಮಾಡಿ.

ಸೋಲ್ಡರ್ ಒಳ್ಳೇದಾ, ಕ್ರಿಂಪಿಂಗ್ ಒಳ್ಳೇದಾ?

ಗಾಡಿಯಲ್ಲಿ ನನ್ನ ಮೊದಲ ಆಯ್ಕೆ ಕ್ರಿಂಪಿಂಗ್. ಕಂಪನಿಯಿಂದ ಬರುವ ಹಾರ್ನೆಸ್ ಬಿಚ್ಚಿ ನೋಡಿ, ಕಪ್ಲರಿನ ಪಿನ್ನುಗಳೆಲ್ಲ ಕ್ರಿಂಪ್ ಮಾಡಿದವೇ. ಸೋಲ್ಡರ್ ಮಾಡಿದಾಗ ಸೀಸ ಎಳೆಗಳ ನಡುವೆ ಹರಿದುಕೊಂಡು ಪ್ಲಾಸ್ಟಿಕ್ಕಿನ ಒಳಗೂ ಹೋಗುತ್ತದೆ. ಅಲ್ಲಿತನಕ ವೈರ್ ಕಡ್ಡಿಯಾಗುತ್ತದೆ. ಅದರಾಚೆಗೆ ಮೆತ್ತಗಿರುತ್ತದೆ. ಕಡ್ಡಿ ಮುಗಿದು ಮೆದು ಶುರುವಾಗುವ ಆ ಒಂದು ಗೆರೆಯಲ್ಲೇ ಅಲುಗಾಟಕ್ಕೆ ವೈರ್ ಮುರಿಯುತ್ತದೆ.

ಅಲುಗಾಡದ ಜಾಗದಲ್ಲಿ, ಎರಡೂ ಕಡೆ ಕಟ್ಟಿ ಭದ್ರ ಮಾಡಿದರೆ ಸೋಲ್ಡರ್ ಚೆನ್ನಾಗಿಯೇ ಬಾಳುತ್ತದೆ. ಒಳಗೆ ರಾಳ ಇರುವ 60/40 ಸೋಲ್ಡರ್ ವೈರ್ ತಗೊಳ್ಳಿ. ಸಣ್ಣ ವೈರಿಗೆ 25 ವ್ಯಾಟಿನ ಸೋಲ್ಡ್ರಾನ್ ಐರನ್ ಸಾಕು, 2.5 ಸ್ಕ್ವೇರಿಗೆ 60 ವ್ಯಾಟ್ ಬೇಕು. ಕಡಿಮೆ ಬಿಸಿಯ ಐರನ್ ತುಂಬಾ ಹೊತ್ತು ಹಿಡಿದರೆ ಸೋಲ್ಡರ್ ಕೂರುವ ಮೊದಲೇ ಪ್ಲಾಸ್ಟಿಕ್ ಕರಗುತ್ತದೆ. ರೇಡಿಯೇಟರ್ ಬೆಸೆಯೋಕೆ ಬಳಸುವ ಆಸಿಡ್ಡನ್ನು ಮಾತ್ರ ವೈರಿನ ಹತ್ತಿರ ತರಬೇಡಿ. ಅದು ಟೇಪಿನ ಒಳಗೆ ಕೂತು ತಾಮ್ರವನ್ನು ಹಸಿರು ಮಾಡಿ ತಿಂದುಹಾಕುತ್ತದೆ.

ಕ್ರಿಂಪಿಂಗ್ ಟೂಲ್ ಯಾವುದು ತಗೊಳ್ಳಲಿ? ಪ್ಲೇಯರಿನಲ್ಲೇ ಒತ್ತಿದ್ರೆ ಆಗಲ್ವಾ?

ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ಮೊದಲ ವಾರ ಇದೊಂದನ್ನೇ ಮಾಡಿಸುತ್ತೇನೆ. ಒಂದೇ ಥರದ ಎರಡು ತಿಂಬಲ್ ಕೊಟ್ಟು, ಒಂದನ್ನು ಪ್ಲೇಯರಿನಲ್ಲಿ ಒತ್ತು, ಇನ್ನೊಂದನ್ನು ರ‍್ಯಾಚೆಟ್ ಟೂಲಿನಲ್ಲಿ ಒತ್ತು, ಆಮೇಲೆ ಎರಡನ್ನೂ ಎಳಿ ಅನ್ನುತ್ತೇನೆ. ಪ್ಲೇಯರಿನದು ಜಾರಿಕೊಂಡು ಕೈಗೆ ಬರುತ್ತದೆ. ಪ್ಲೇಯರ್ ತಗಡನ್ನು ಚಪ್ಪಟೆ ಮಾಡುತ್ತದೆ ಅಷ್ಟೇ, ಎಳೆಗಳನ್ನು ಹಿಡಿದುಕೊಳ್ಳುವ ಹಾಗೆ ಮಡಚುವುದಿಲ್ಲ.

ಟೂಲ್ ತಗೊಳ್ಳುವಾಗ ತಿಂಬಲ್ ಯಾವ ಥರದ್ದು ಅಂತ ಮೊದಲು ನೋಡಿ. ಬಣ್ಣದ ಪ್ಲಾಸ್ಟಿಕ್ ಇರುವ ತಿಂಬಲಿಗೆ ಒಂದು ಬಾಯಿ. ಕಪ್ಲರಿನ ಒಳಗೆ ಹೋಗುವ, ಎರಡು ಜೊತೆ ಕಿವಿ ಇರುವ ಬಿಚ್ಚು ಪಿನ್ನಿಗೆ ಬೇರೆ ಬಾಯಿ. ಎರಡನೆಯದರಲ್ಲಿ ಟೂಲು ಕಿವಿಗಳನ್ನು ಸುರುಳಿ ಮಾಡಿ ಎಳೆಗಳ ನಡುವೆ ಇಳಿಸುತ್ತದೆ. ಒಂದಕ್ಕೆ ಮಾಡಿದ ಬಾಯಲ್ಲಿ ಇನ್ನೊಂದನ್ನು ಒತ್ತಿದರೆ ಕೆಲಸ ಕೆಡುತ್ತದೆ. ಬಾಯಿ ಬದಲಿಸಲು ಬರುವ ಸೆಟ್ ಸಿಗುತ್ತದೆ, ಅದನ್ನೇ ತಗೊಳ್ಳಿ. ರ‍್ಯಾಚೆಟ್ ಇದ್ದರೆ ಪೂರ್ತಿ ಒತ್ತುವ ತನಕ ಅದು ಬಿಟ್ಟುಕೊಡುವುದಿಲ್ಲ. ಸುಸ್ತಾದ ಕೈಯಿಂದಲೂ ಒಂದೇ ಹದ ಬರುತ್ತದೆ.

ಬಿಚ್ಚು ಪಿನ್ ಒತ್ತಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಮುಂದಿನ ಕಿವಿ ತಾಮ್ರವನ್ನು ಹಿಡಿದಿರಬೇಕು, ಹಿಂದಿನದು ಪ್ಲಾಸ್ಟಿಕ್ಕನ್ನು. ಎರಡರ ನಡುವಿನ ಸಂದಿಯಲ್ಲಿ ಸ್ವಲ್ಪ ತಾಮ್ರ, ಸ್ವಲ್ಪ ಪ್ಲಾಸ್ಟಿಕ್ ಎರಡೂ ಕಾಣಬೇಕು. ಮುಂದೆ ಎಳೆಗಳ ತುದಿ ಒಂದು ಮಿಲಿಮೀಟರಿನಷ್ಟು ಇಣುಕಬೇಕು. ಹೀಗಿದ್ದರೆ ಒಂದು ಸಲ ಜಗ್ಗಿ ನೋಡಿ ಕಪ್ಲರಿಗೆ ಹಾಕಿ.

ತಿಂಬಲ್‌ಗಳಲ್ಲಿ ಕೆಂಪು, ನೀಲಿ, ಹಳದಿ ಯಾಕೆ? ಒಳ್ಳೇದು ಯಾವುದು?

ಬಣ್ಣ ವೈರಿನ ಅಳತೆ ಹೇಳುತ್ತದೆ. ಕೆಂಪು ಅರ್ಧದಿಂದ ಒಂದೂವರೆ ಸ್ಕ್ವೇರಿಗೆ, ನೀಲಿ ಒಂದೂವರೆಯಿಂದ ಎರಡೂವರೆಗೆ, ಹಳದಿ ನಾಲ್ಕರಿಂದ ಆರಕ್ಕೆ. ಕೆಂಪು ವೈರಿಗೆ ಕೆಂಪು ತಿಂಬಲ್ ಅಂತ ತಗೊಂಡು ಹೋದವರನ್ನು ನೋಡಿದ್ದೇನೆ, ಅದು ಹಾಗಲ್ಲ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ತಾಮ್ರ, ಹಿತ್ತಾಳೆ ಅಯಸ್ಕಾಂತಕ್ಕೆ ಹಿಡಿಯುವುದಿಲ್ಲ. ತಿಂಬಲ್ ಹಿಡಿದುಕೊಂಡರೆ ಅದು ಲೇಪ ಕೊಟ್ಟ ಕಬ್ಬಿಣ, ಬೇಡ. ತಾಮ್ರಕ್ಕೆ ತವರ ಲೇಪ ಕೊಟ್ಟದ್ದು ಎಲ್ಲಕ್ಕಿಂತ ಒಳ್ಳೇದು.

ಟೇಪ್ ಯಾವುದು ಹಾಕಿದ್ರೂ ಅಂಟಂಟಾಗಿ ಬಿಟ್ಟುಕೊಳ್ಳುತ್ತೆ. ಏನು ಮಾಡ್ಲಿ?

ಜಾಯಿಂಟನ್ನು ಟೇಪಿನಿಂದ ಮುಚ್ಚುವುದು ಬಿಡಿ, ಹೀಟ್ ಶ್ರಿಂಕ್ ಹಾಕಿ. ವೈರ್ ಸೇರಿಸುವ ಮೊದಲೇ ಅದನ್ನು ಒಳಗೆ ತೂರಿಸಿಡಬೇಕು, ಮರೆಯಬೇಡಿ. ಟೇಪು ಇರುವುದು ವೈರುಗಳನ್ನು ಒಟ್ಟಿಗೆ ಕಟ್ಟೋಕೆ. ಇಂಜಿನ್ ಹತ್ತಿರ ಅದಕ್ಕೆ ಬಟ್ಟೆ ಟೇಪು ಹಾಕಿ. ಕಾರಿನ ಕಂಪನಿ ಹಾರ್ನೆಸ್ ಮೇಲೆ ಮಖಮಲ್ಲಿನ ಹಾಗೆ ಇರುತ್ತಲ್ಲ, ಅದೇ. ಪಿವಿಸಿ ಟೇಪಿನ ಗೋಂದು ಬಿಸಿಗೆ ಕರಗಿ ಧೂಳು ಹಿಡಿಯುತ್ತದೆ.

ನಮ್ಮದು ಕುಂದಾಪುರ. ಎಷ್ಟು ಚೆಂದ ಮಾಡಿದ್ರೂ ಒಂದು ಮಳೆಗಾಲಕ್ಕೆ ವೈರ್ ಹಸಿರಾಗ್ತದೆ.

ಉಪ್ಪುಗಾಳಿ ಇರುವ ಕರಾವಳಿಗೆ, ಮೀನು ಸಾಗಿಸುವ ಗಾಡಿಗಳಿಗೆ ತವರ ಲೇಪಿತ ತಾಮ್ರದ ವೈರ್ ಹಾಕಿ. ರೇಟ್ ಜಾಸ್ತಿ, ಆದರೆ ಉಪ್ಪನ್ನು ತಡೆಯುತ್ತದೆ. ಹೀಟ್ ಶ್ರಿಂಕಿನಲ್ಲಿ ಒಳಗೆ ಗೋಂದು ಇರುವ ಥರ ಕೇಳಿ. ಕಾಯಿಸಿದಾಗ ಎರಡೂ ತುದಿಯಲ್ಲಿ ಗೋಂದು ಒಂದು ಹನಿ ಹೊರಗೆ ಬಂದರೆ ಒಳಗೆ ನೀರು ಹೋಗುವುದಿಲ್ಲ. ಕಪ್ಲರ್ ರಬ್ಬರ್ ಸೀಲ್ ಇರುವುದೇ ಆಗಬೇಕು.

ವೈರನ್ನು ಲೈಟಿಗೆ ನೇರವಾಗಿ ಮೇಲಿನಿಂದ ಇಳಿಸಬೇಡಿ. ಒಮ್ಮೆ ಕೆಳಗೆ ಇಳಿಸಿ ಮತ್ತೆ ಮೇಲೆ ತಂದು ಸೇರಿಸಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಬಾಡಿ ಅರ್ತ್ ಹಾಕುವಲ್ಲಿ ಪೇಂಟ್ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಆಮೇಲೆ ಮೇಲೆ ಗ್ರೀಸ್ ಹಚ್ಚಿ. ಗ್ರೀಸ್ ಮೊದಲು, ಬೋಲ್ಟ್ ಆಮೇಲೆ ಆಗಬಾರದು.

## ಫ್ಯೂಸ್, ರಿಲೇ

ಫ್ಯೂಸ್ ಪದೇ ಪದೇ ಹೋಗುತ್ತೆ. ಸ್ವಲ್ಪ ದೊಡ್ಡದು ಹಾಕಿಬಿಡ್ಲಾ?

ಬೇಡ, ದಯವಿಟ್ಟು ಬೇಡ. ಫ್ಯೂಸ್ ಇರುವುದು ಲೈಟ್ ಕಾಯೋಕೆ ಅಲ್ಲ, ವೈರ್ ಕಾಯೋಕೆ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ವೈರ್ ಕರಗುತ್ತದೆ.

ಕೆಲವು ವರ್ಷದ ಹಿಂದೆ ಒಂದು ಹಳೇ ವ್ಯಾನನ್ನು ಎಳೆದುಕೊಂಡು ಬಂದರು. ಎಲ್ಲೋ ಹಾರ್ನ್ ಹಾಕಿಸಿದ್ದರು, 15ರ ಫ್ಯೂಸ್ ಹೋಗುತ್ತಿತ್ತು ಅಂತ ಅಲ್ಲಿ ಫ್ಯೂಸ್ ಜಾಗಕ್ಕೆ ವೈರ್ ತುಂಡು ಸಿಕ್ಕಿಸಿ ಕಳಿಸಿದ್ದರು. ಹಾರ್ನ್ ವೈರ್ ಗ್ರಿಲ್ಲಿನ ಅಂಚಿಗೆ ಉಜ್ಜಿ ಬಾಡಿಗೆ ತಗುಲಿತ್ತು. ಡ್ಯಾಶ್‌ಬೋರ್ಡ್ ಕೆಳಗಿನ ಹಾರ್ನೆಸ್ ಪೂರ್ತಿ ಒಂದೇ ಕಪ್ಪು ಗಟ್ಟಿ ಆಗಿತ್ತು, ಯಾವ ವೈರ್ ಯಾವುದು ಅಂತ ಬಿಡಿಸೋಕೆ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಹೊಗೆ ಬಂದ ತಕ್ಷಣ ಇಳಿಸಿದ್ದರಿಂದ ಬಚಾವಾದರು. ಆ ವಾಸನೆ ನನಗೆ ಇವತ್ತಿಗೂ ನೆನಪಿದೆ.

ಫ್ಯೂಸ್ ಹೋಗುತ್ತಿದ್ದರೆ ಎಲ್ಲಿ ಉಜ್ಜಿದೆ ಅಂತ ಹುಡುಕಿ. ಹೊಸದಾಗಿ ಹಾಕುವಾಗ ಲೋಡಿನ ಒಂದೂಕಾಲಿನಿಂದ ಒಂದೂವರೆ ಪಟ್ಟು ಫ್ಯೂಸ್ ಆರಿಸಿ, ಅದು ವೈರಿನ ಶಕ್ತಿಗಿಂತ ಕಡಿಮೆ ಇರಲಿ. ಮೇಲೆ ಹೇಳಿದ 9 ಆಂಪ್ಸಿನ ಫಾಗ್ ಲೈಟಿಗೆ ಎರಡೂವರೆ ಸ್ಕ್ವೇರ್ ವೈರ್. ಲೆಕ್ಕಕ್ಕೆ ಬರುವುದು 11ರಿಂದ 14, ಅದರ ಮುಂದಿನ ಅಳತೆ 15ರ ಫ್ಯೂಸ್. ಫ್ಯೂಸ್ ಹೋಲ್ಡರ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಲಿ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲಿಲ್ಲ ಅನ್ನುವುದು ಅದಕ್ಕೆ ಕಾರಣ.

ಫ್ಯೂಸಲ್ಲೂ ಡೂಪ್ಲಿಕೇಟ್ ಬರುತ್ತಾ?

ಬರುತ್ತದೆ, ಅಪಾಯದಲ್ಲಿ ಅದು ದೊಡ್ಡದು. ಬ್ಲೇಡ್ ಫ್ಯೂಸಿನ ಬಣ್ಣ ಎಲ್ಲಾ ಕಡೆ ಒಂದೇ: 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಡೂಪ್ಲಿಕೇಟಿನಲ್ಲೂ ಬಣ್ಣ ಸರಿಯಾಗೇ ಇರುತ್ತದೆ, ಒಳಗಿನ ಲೋಹ ಮಾತ್ರ ದಪ್ಪ ಇರುತ್ತದೆ. ಒಳ್ಳೆಯ ಫ್ಯೂಸ್ ಎರಡರಷ್ಟು ಕರೆಂಟಿಗೆ 5 ಸೆಕೆಂಡಿನ ಒಳಗೆ ಹೋಗಬೇಕು. ನಾನು ಹೊಸ ಬಾಕ್ಸ್ ತಂದಾಗ ಅದರಿಂದ 10ರ ಒಂದು ಫ್ಯೂಸ್ ತೆಗೆದು, 60 ವ್ಯಾಟಿನ ನಾಲ್ಕು ಹೆಡ್‌ಲೈಟ್ ಬಲ್ಬ್ ಒಟ್ಟಿಗೆ ಉರಿಸುತ್ತೇನೆ. ಅದು 20 ಆಂಪ್ಸ್. ಫ್ಯೂಸ್ ಹೋಗದೆ ಬಲ್ಬು ಉರಿಯುತ್ತಲೇ ಇದ್ದರೆ ಬಾಕ್ಸ್ ಪೂರ್ತಿ ಕಸಕ್ಕೆ.

ರಿಲೇ ಬೇಕೇ ಬೇಕಾ? ಸ್ವಿಚ್ಚಿಂದಾನೇ ಕೊಟ್ರೆ ಆಗಲ್ವಾ?

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್ಚು. ಜೋಡಿ ಹಾರ್ನ್, ಫಾಗ್ ಲೈಟ್ ಇದ್ದರೆ ಬೇಕೇ ಬೇಕು. ಹ್ಯಾಂಡಲಿನ ಸ್ವಿಚ್ ಸಣ್ಣ ಕರೆಂಟಿಗೆ ಮಾಡಿದ್ದು. 9 ಆಂಪ್ಸ್ ಅದರ ಮೂಲಕ ಹರಿದರೆ ಒಳಗಿನ ಪಾಯಿಂಟ್ ಸುಡುತ್ತದೆ. ರಿಲೇ ಹಾಕಿದರೆ ಸ್ವಿಚ್ ಮೂಲಕ ಹರಿಯುವುದು ಕಾಲು ಆಂಪ್ಸಿಗೂ ಕಡಿಮೆ.

ರಿಲೇ ಕೆಳಗಿನ ನಂಬರುಗಳು ಹೆಚ್ಚಿನ ಕಂಪನಿಗಳಲ್ಲಿ ಒಂದೇ. 30ಕ್ಕೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ವೈರು, 87ರಿಂದ ಲೈಟಿಗೆ, 85 ಮತ್ತು 86 ರಿಲೇ ಒಳಗಿನ ಅಯಸ್ಕಾಂತದ ಕಾಯಿಲಿನವು. ಐದು ಕಾಲಿನ ರಿಲೇಯಲ್ಲಿ ನಡುವೆ 87ಎ ಇರುತ್ತದೆ. ಲೈಟ್ ವೈರ್ ತಪ್ಪಿ ಅದಕ್ಕೆ ಹೋದರೆ ಸ್ವಿಚ್ ಆಫ್ ಇದ್ದಾಗ ಉರಿಯುತ್ತದೆ, ಬೆಳಗ್ಗೆ ಬ್ಯಾಟರಿ ಖಾಲಿ. ಮಿಂಡಾ, ಹೆಲ್ಲಾ, ಬಾಷ್ ರಿಲೇಗಳನ್ನು ನಂಬಿಕೆಯಿಂದ ಹಾಕುತ್ತೇನೆ. ಜೊತೆಗೆ ಸಿಗುವ ಸಾಕೆಟ್ಟನ್ನೂ ಒತ್ತಿ ನೋಡಿ. ರಿಲೇ ಸಲೀಸಾಗಿ ಒಳಗೆ ಹೋಗಿ ಸಲೀಸಾಗಿ ಹೊರಗೆ ಬಂದರೆ ಅದರ ಹಿಡಿತ ಸಾಲದು.

## ಚೆಕ್ ಮಾಡುವ ಸಾಮಾನು

ಮಲ್ಟಿಮೀಟರ್ ಇದ್ರೆ ಸಾಕಾ? ಬಲ್ಬ್ ಟೆಸ್ಟರ್ ಹಳೇದಾಯ್ತಲ್ಲ?

ಎರಡೂ ಇಟ್ಟುಕೊಳ್ಳಿ. ಒಂದೇ ಒಂದು ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. 5 ವ್ಯಾಟಿನ ಬಲ್ಬ್ ಟೆಸ್ಟರ್ 0.4 ಆಂಪ್ಸ್ ಎಳೆಯುತ್ತದೆ. ಸರಿಯಾಗಿ ಅಂಟಿಕೊಳ್ಳದ ಜಾಯಿಂಟಿನಲ್ಲಿ ಅದು ಮಂಕಾಗುತ್ತದೆ. ಅದೇ ಕಾರಣಕ್ಕೆ ಬಲ್ಬ್ ಟೆಸ್ಟರನ್ನು ಇಸಿಯು (ಗಾಡಿಯ ಕಂಪ್ಯೂಟರ್) ವೈರಿಗೆ, ಹಳದಿ ಬಣ್ಣದ ಏರ್‌ಬ್ಯಾಗ್ ಕಪ್ಲರಿಗೆ ಮುಟ್ಟಿಸಬಾರದು.

ಮೀಟರ್ ತಗೊಳ್ಳುವಾಗ 10 ಆಂಪ್ಸಿನ ತೂತಿನ ಪಕ್ಕ ಏನು ಬರೆದಿದೆ ನೋಡಿ. ಫ್ಯೂಸ್ ಇಲ್ಲ ಅಂತ ಬರೆದಿದ್ದರೆ ಬೇಡ. ಕ್ಲಾಂಪ್ ಮೀಟರ್ ಆದರೆ ಡಿಸಿ ಆಂಪ್ಸ್ ಅಳೆಯುತ್ತದಾ ಅಂತ ಕೇಳಿ. ಅಗ್ಗದವು ಎಸಿ ಮಾತ್ರ ಅಳೆಯುತ್ತವೆ, ಗಾಡಿಯ ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ.

ಜಾಯಿಂಟ್ ಒಳಗೆ ಕೆಟ್ಟಿದೆಯಾ ಅಂತ ಬಿಚ್ಚದೆ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಲೈಟ್ ಉರಿಸಿ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ಸಿಗೆ ಹಿಡಿಯಿರಿ. ಬರುವ ಅಂಕಿ ದಾರಿಯಲ್ಲಿ ಕಳೆದುಹೋದ ವೋಲ್ಟು. ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ಆ ದಾರಿಯಲ್ಲಿ ತೊಂದರೆ ಇದೆ. ಬ್ಯಾಟರಿ ಮೈನಸ್ಸಿಂದ ಬಲ್ಬಿನ ಅರ್ತಿಗೂ ಹಾಗೇ ನೋಡಿ, ಅಲ್ಲಿ 0.2ಕ್ಕಿಂತ ಕಡಿಮೆ ಇರಬೇಕು. ಅರ್ತ್ ಕಡೆ ಯಾರೂ ನೋಡುವುದಿಲ್ಲ, ಅರ್ಧಕ್ಕರ್ಧ ಕೇಸು ಅಲ್ಲೇ ಸಿಗುತ್ತವೆ.

## ಸ್ವಲ್ಪ ಮುಂದಿನ ಕೆಲಸ

ಟ್ರ್ಯಾಕ್ಟರ್ ಟ್ರೈಲರಿಗೆ ಹಿಂದಿನ ಲೈಟ್ ಹಾಕ್ಸಿದ್ರೆ ಒಂದು ತಿಂಗಳೂ ಬರಲ್ಲ. ಬಾಳಿಕೆ ಬರೋ ಹಾಗೆ ಮಾಡೋಕಾಗಲ್ವಾ?

ಆಗುತ್ತದೆ, ಮಾಡಲೇಬೇಕು. ಕಬ್ಬು ಕಡಿಯುವ ಕಾಲದಲ್ಲಿ ರಾತ್ರಿ ನಮ್ಮ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು. ಕಬ್ಬಿನ ಲೋಡಿನ ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಟ್ರೈಲರ್ ನಿಂತಿರುತ್ತದೆ. ಬೈಕಿನವನಿಗೆ ಅದು ಕಾಣುವುದು ಗುದ್ದುವ ಹೊತ್ತಿಗೆ.

ಲೈಟ್ ಬಾಳದಿರಲು ಕಾರಣ ಮೂರು. ಮೊದಲನೆಯದು ಬಿಡಿ ವೈರುಗಳನ್ನು ಹಾಗೇ ಎಳೆದಿರುವುದು. ಅದರ ಬದಲು ಹೊರಗೊಂದು ದಪ್ಪ ಕವಚ, ಒಳಗೆ ಏಳು ವೈರ್ ಇರುವ ಟ್ರೈಲರ್ ಕೇಬಲ್ ತನ್ನಿ. ಚಾಸಿಯ ಚಾನೆಲ್ ಒಳಗೆ ಒಂದೊಂದು ಅಡಿಗೆ ಕ್ಲಿಪ್ ಹಾಕಿ ಓಡಿಸಿ. ಕಬ್ಬಿನ ಸೋಗೆ, ಹಗ್ಗ ಸಿಕ್ಕಿಕೊಳ್ಳದ ಕಡೆ ಇರಲಿ.

ಎರಡನೆಯದು ಅರ್ತ್. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವಿನ ಕೊಂಡಿಯ ಪಿನ್ನೇ ಅರ್ತ್ ಅಂತ ಬಿಟ್ಟಿರುತ್ತಾರೆ. ಅಲ್ಲಿ ಗ್ರೀಸು, ತುಕ್ಕು, ಮಣ್ಣು. ದೀಪ ಮಿಣುಕುವುದು ಅದಕ್ಕೇ. ಏಳು ಪಿನ್ ಸಾಕೆಟ್ಟಿನಲ್ಲಿ 31 ಅಂತ ಗುರುತಿರುವ ಪಿನ್ ಅರ್ತಿನದು. ಅದಕ್ಕೆ ಬೇರೆಯದೇ ವೈರ್ ಹಾಕಿ ಪ್ರತಿ ದೀಪದ ತನಕ ತಗೊಂಡು ಹೋಗಿ.

ಮೂರನೆಯದು ಸಾಕೆಟ್. ಮುಚ್ಚಳಕ್ಕೆ ಸ್ಪ್ರಿಂಗ್ ಇರುವುದು ತಗೊಳ್ಳಿ. ಟ್ರೈಲರ್ ಬಿಚ್ಚಿದಾಗ ಪ್ಲಗ್ ನೆಲಕ್ಕೆ ಬೀಳದಂತೆ ಅದನ್ನು ಸಿಕ್ಕಿಸಿಡಲು ಟ್ರೈಲರ್ ಮೇಲೇ ಒಂದು ಖಾಲಿ ಸಾಕೆಟ್ ಕೂರಿಸಿ. ದೀಪ ಎಲ್‌ಇಡಿಯದು, ಪೂರ್ತಿ ಸೀಲ್ ಆದದ್ದು ಇರಲಿ, ಫಿಲಮೆಂಟ್ ಬಲ್ಬ್ ಹಳ್ಳಿ ರಸ್ತೆಯ ಕುಲುಕಾಟ ತಡೆಯುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಬ್ಯಾಟರಿ ಸತ್ತ ದಿನವೂ ಅದು ಕಾಣುತ್ತದೆ.

ಹೊಸ ಬಿಎಸ್6 ಕಾರಿಗೆ ವೈರ್ ಕಟ್ ಮಾಡದೆ ಲೈಟ್, ಹಾರ್ನ್ ಹಾಕಬಹುದಾ?

ಹಾಕಬಹುದು. ನಿಮ್ಮ ಮಾಡೆಲ್ಲಿಗೆ ಹೊಂದುವ ಕಪ್ಲರ್ ಇರುವ ರಿಲೇ ಹಾರ್ನೆಸ್ ಕೇಳಿ. ಹಳೇ ಕಪ್ಲರ್ ಬಿಚ್ಚಿ ನಡುವೆ ಸೇರಿಸಿದರೆ ಆಯಿತು, ಬೇಡವಾದ ದಿನ ತೆಗೆದಿಡಬಹುದು. ಕಂಪನಿ ವೈರಿಗೆ ಕಚ್ಚಿಕೊಳ್ಳುವ ಸಣ್ಣ ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತದೆ, ಅದು ಎಳೆಗಳನ್ನು ಕತ್ತರಿಸುತ್ತದೆ, ನೀರಿಗೂ ದಾರಿ ಮಾಡುತ್ತದೆ. ಎರಡು ಸಣ್ಣ ವೈರುಗಳು ಒಂದಕ್ಕೊಂದು ಹೆಣೆದುಕೊಂಡು ಹೋಗುತ್ತಿದ್ದರೆ ಅವು ಕಂಪ್ಯೂಟರ್‌ಗಳ ಮಾತಿನ ವೈರುಗಳು. ಅವುಗಳಿಂದ ಯಾವತ್ತೂ ಕರೆಂಟ್ ತಗೊಳ್ಳಬೇಡಿ. ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ.

ಎಲೆಕ್ಟ್ರಿಕ್ ಸ್ಕೂಟರಿಗೆ ಇದೇ ವೈರು, ಫ್ಯೂಸು ನಡೆಯುತ್ತಾ?

ಸ್ಕೂಟರಿನ ಲೈಟು, ಹಾರ್ನು 12 ವೋಲ್ಟಿನಲ್ಲಿ ನಡೆಯುವುದಾದರೆ ಆ ಭಾಗಕ್ಕೆ ನಡೆಯುತ್ತದೆ. ಆ 12 ವೋಲ್ಟ್ ಬರುವುದು ಒಂದು ಕನ್ವರ್ಟರಿನಿಂದ. ಅದರ ಮೇಲೆ ಎಷ್ಟು ಆಂಪ್ಸ್ ಅಂತ ಬರೆದಿರುತ್ತದೆ, ಹೊಸ ಲೋಡ್ ಸೇರಿಸುವ ಮೊದಲು ನೋಡಿಕೊಳ್ಳಿ.

ದೊಡ್ಡ ಬ್ಯಾಟರಿಯ ಕಡೆ ಲೆಕ್ಕವೇ ಬೇರೆ. ಅದು 48, 60, 72 ವೋಲ್ಟ್ ಇರುತ್ತದೆ. ನಾವು ದಿನಾ ಬಳಸುವ ಬ್ಲೇಡ್ ಫ್ಯೂಸಿನ ತಲೆ ಮೇಲೆ ಸಣ್ಣ ಅಕ್ಷರದಲ್ಲಿ 32 ವೋಲ್ಟ್ ಅಂತ ಇರುತ್ತದೆ. 72 ವೋಲ್ಟಿನಲ್ಲಿ ಅದು ಕರಗಿದರೂ ಒಳಗೆ ಕಿಡಿ ನಿಲ್ಲದೆ ಉರಿಯಬಹುದು. 12 ವೋಲ್ಟಿನ ರಿಲೇ, ಸ್ವಿಚ್ಚಿಗೂ ಇದೇ ಮಾತು. ಅಲ್ಲಿಗೆ ಆ ವೋಲ್ಟಿಗೆ ತಕ್ಕ ಡಿಸಿ ಫ್ಯೂಸೇ ಬೇಕು. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಆ ಕೇಬಲಿನ ಹತ್ತಿರ ನಮ್ಮ ಅಂಗಡಿಯಲ್ಲಿ ಯಾರೂ ಕೈ ಹಾಕುವುದಿಲ್ಲ. ಅದರ ಟ್ರೈನಿಂಗ್ ಆಗಿರುವ, ಇನ್ಸುಲೇಟೆಡ್ ಗ್ಲೌಸ್ ಮತ್ತು ಟೂಲ್ಸ್ ಇರುವ ಸರ್ವಿಸ್ ಸೆಂಟರಿಗೇ ಗಾಡಿ ಕಳಿಸುತ್ತೇವೆ.